ಮೆಹಂದಿ ಹಚ್ಚುತ್ತಿದ್ದ ಕೂದಲಿಗೆ ಮನೆಯಲ್ಲೇ ಹೈಲೈಟ್ಸ್: ಮಾಡಿಕೊಂಡವರು ದಯವಿಟ್ಟು ಹೇಳಿ

ತಂಗಿಯ ಮದುವೆಗೆ ಇನ್ನು ಮೂರು ವಾರ ಇದೆ. ನನಗೆ 36 ವರ್ಷ. ಕೂದಲು ಭುಜಕ್ಕಿಂತ ಸ್ವಲ್ಪ ಕೆಳಗಿದೆ. ಕಿವಿಯ ಪಕ್ಕದಲ್ಲಿ ಮತ್ತು ಬೈತಲೆಯಲ್ಲಿ ನರೆ ಕಾಣುತ್ತದೆ. ಮೂರು ವರ್ಷಗಳಿಂದ ಅಂಗಡಿಯ ಪೊಟ್ಟಣದ ಮೆಹಂದಿ ಹಚ್ಚುತ್ತಿದ್ದೇನೆ, ಒಂದು ಗಂಟೆಯಲ್ಲಿ ಕಪ್ಪಾಗುತ್ತದೆ. ಈಗ ನರೆಗೆ ಕಂದು ಬಣ್ಣ ಹಚ್ಚಿ, ಮುಂಭಾಗದಲ್ಲಿ ನಾಲ್ಕೈದು ತಿಳಿ ಎಳೆಗಳನ್ನು ಮಾಡಿಕೊಳ್ಳುವ ಆಸೆ. ಪಾರ್ಲರ್‌ನವರು ಹೇಳಿದ ದರ ನನ್ನ ಕೈಗೆ ಎಟುಕುವುದಿಲ್ಲ. ಮನೆಯಲ್ಲಿ ಮಾಡಿಕೊಂಡ ಅನುಭವ ಇರುವವರು ತಿಳಿಸಿ.

ಮೈಸೂರಿನಿಂದ

ಅಕ್ಕ, ಬೇರೆ ಏನನ್ನೂ ಕೊಳ್ಳುವ ಮೊದಲು ಆ ಮೆಹಂದಿ ಪೊಟ್ಟಣವನ್ನು ಹುಡುಕಿ ಹಿಂಬದಿ ಓದಿ. ಶುದ್ಧ ಗೋರಂಟಿ ಸೊಪ್ಪಿನ ಪುಡಿ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಅದು ಕೊಡುವುದು ಕೇಸರಿ, ಕೆಂಪು ಛಾಯೆ ಮಾತ್ರ, ಅದೂ ಎರಡು ಮೂರು ಗಂಟೆ ಬಿಟ್ಟರೆ. ಒಂದೇ ಗಂಟೆಯಲ್ಲಿ ಕಪ್ಪಾಗುತ್ತದೆ ಎಂದರೆ ಅದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಬಣ್ಣವೋ ಲೋಹದ ಲವಣವೋ ಸೇರಿರುವ ಸಾಧ್ಯತೆ ಹೆಚ್ಚು. ಲೋಹದ ಲವಣ ಕುಳಿತ ಕೂದಲಿಗೆ ಬ್ಲೀಚ್ ತಗುಲಿದರೆ ಅದು ಕಾಯುತ್ತದೆ, ಸುಡುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಐದು ವರ್ಷದ ಹಿಂದೆ ಇಂಥದ್ದೇ ಕಪ್ಪು ಮೆಹಂದಿಯ ಕೂದಲಿಗೆ ಬ್ಲೀಚ್ ಹಚ್ಚಿ ಅಲ್ಯೂಮಿನಿಯಂ ಹಾಳೆಯಲ್ಲಿ ಮಡಚಿದೆ. ಹತ್ತು ನಿಮಿಷವಾಗಿರಲಿಲ್ಲ, ಹಾಳೆ ಬೆರಳಿಗೆ ಬಿಸಿ ಹತ್ತಿತು. ಬಿಚ್ಚಿ ತೊಳೆಯಲು ಹೋದರೆ ಎಳೆ ಬೆಂದ ಶಾವಿಗೆಯಂತೆ ಜಗ್ಗಿ, ಕೈಯಲ್ಲೇ ತುಂಡಾಯಿತು. ಹಣೆಯ ಬಲಭಾಗದಲ್ಲಿ ಎರಡು ಬೆರಳಷ್ಟು ಅಗಲಕ್ಕೆ ಮೋಟು ಕೂದಲು ಉಳಿಯಿತು. ಅದು ಮತ್ತೆ ಜಡೆಗೆ ಸಿಗುವಷ್ಟು ಬೆಳೆಯಲು ಒಂದೂವರೆ ವರ್ಷ ಬೇಕಾಯಿತು.

ಆದ್ದರಿಂದ ತಲೆಗೆ ಹಚ್ಚುವ ಮೊದಲು ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಒಂದು ವಾರ ಕೂಡಿಡಿ. ದಾರದಿಂದ ಕಟ್ಟಿ ಪಿಂಗಾಣಿ ಅಥವಾ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಒಂದು ಚಮಚ ಬ್ಲೀಚ್ ಪುಡಿಗೆ ಎರಡು ಚಮಚ 20 ವಾಲ್ಯೂಮ್ ಡೆವಲಪರ್ ಕಲಸಿ ಅದರಲ್ಲಿ ಮುಳುಗಿಸಿ. (20 ವಾಲ್ಯೂಮ್ ಎಂದರೆ 6% ಹೈಡ್ರೋಜನ್ ಪೆರಾಕ್ಸೈಡ್.) ಸ್ಟೀಲ್ ಬಟ್ಟಲು ಬೇಡ. ಐದೈದು ನಿಮಿಷಕ್ಕೆ ನೋಡುತ್ತಿರಿ. ಬಿಸಿಯಾದರೆ, ನೊರೆ ಬಂದರೆ, ಕೆಟ್ಟ ವಾಸನೆ ಬಂದರೆ ಆ ಆಲೋಚನೆಯನ್ನೇ ಕೈಬಿಡಿ. ಕೊಳ್ಳುವ ಕಂದು ಬಣ್ಣಕ್ಕೂ ಇದೇ ರೀತಿ ಒಂದು ಎಳೆ ಪರೀಕ್ಷೆ ಮಾಡಿ, ಏಕೆಂದರೆ ಅದರಲ್ಲೂ ಪೆರಾಕ್ಸೈಡ್ ಇರುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹೊಂಬಣ್ಣದ ಕೂದಲು ಇರುತ್ತದೆ, ಅದನ್ನು ನಂಬಿ ಹಣ ಕೊಡಬೇಡಿ. ಈಗಾಗಲೇ ಬಣ್ಣ ಹಚ್ಚಿದ ಕೂದಲು ಇನ್ನೊಂದು ಬಣ್ಣ ಹಚ್ಚುವುದರಿಂದ ತಿಳಿಯಾಗುವುದಿಲ್ಲ; ತಿಳಿಯಾಗಬೇಕೆಂದರೆ ಬ್ಲೀಚ್ ಬೇಕೇ ಬೇಕು. ನಮ್ಮ ಕಪ್ಪು ಕೂದಲು ಬ್ಲೀಚ್‌ನಲ್ಲಿ ಮೊದಲು ಕೆಂಗಂದು, ಆಮೇಲೆ ಕಿತ್ತಳೆ, ಅದಾದ ಮೇಲೆ ಹಳದಿ, ಹೀಗೆ ಇಳಿಯುತ್ತದೆ. ಕಿತ್ತಳೆಯನ್ನು ತಗ್ಗಿಸಲು ನೀಲಿ ಛಾಯೆಯ ಶಾಂಪೂ, ಹಳದಿಯನ್ನು ತಗ್ಗಿಸಲು ನೇರಳೆ ಶಾಂಪೂ. ಇದೆಲ್ಲವನ್ನೂ ಮೂರು ವಾರದಲ್ಲಿ, ಮದುವೆ ಮನೆಯ ಗಡಿಬಿಡಿಯ ನಡುವೆ, ಮೊದಲ ಸಲ ಮಾಡಿಕೊಳ್ಳಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹುಬ್ಬಳ್ಳಿಯಿಂದ

ಮೈಸೂರಿನವರು ಕೂದಲಿನ ಬಗ್ಗೆ ಹೇಳಿದರು, ನಾನು ಚರ್ಮದ ಬಗ್ಗೆ ಹೇಳುತ್ತೇನೆ. ನಮ್ಮ ಯಜಮಾನರು ಎಂಟು ವರ್ಷ ಒಂದೇ ಡೈ ಹಚ್ಚಿದವರು, ಒಂದು ದಿನವೂ ತೊಂದರೆ ಇರಲಿಲ್ಲ. ಕಳೆದ ದೀಪಾವಳಿಗೆ ಮೀಸೆಗೆ ಹಚ್ಚಿ ಮಲಗಿದರು. ಬೆಳಿಗ್ಗೆ ಮೇಲ್ದುಟಿ ಊದಿತ್ತು, ಮಧ್ಯಾಹ್ನಕ್ಕೆ ಕಣ್ಣಿನ ರೆಪ್ಪೆ ತೆರೆಯಲಾಗದಷ್ಟು ಬಾವು. ಚರ್ಮದ ವೈದ್ಯರು ಪಿಪಿಡಿಯ ಅಲರ್ಜಿ ಎಂದರು. ವರ್ಷಾನುಗಟ್ಟಲೆ ಸುಮ್ಮನಿದ್ದು ಒಮ್ಮೆ ಹೀಗೆ ಕಾಣಿಸಿಕೊಳ್ಳಬಹುದಂತೆ. ಹಾಗಾಗಿ ಅಕ್ಕ, ಮೂರು ವರ್ಷ ಏನೂ ಆಗಿಲ್ಲ ಎಂಬ ಧೈರ್ಯ ಬೇಡ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಹೇಳಿದಂತೆ ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಪ್ರತಿ ಸಲವೂ ಕಾಯಿರಿ. ‘ಅಮೋನಿಯಾ ಇಲ್ಲ’, ‘ಗಿಡಮೂಲಿಕೆ’ ಎಂದು ಬರೆದಿದ್ದರೂ ಪಿಪಿಡಿ ಇರಬಹುದು. ಹುಬ್ಬಿಗೆ, ರೆಪ್ಪೆಗೆ ಎಂದಿಗೂ ಹಚ್ಚಬೇಡಿ, ಕಣ್ಣಿಗೇ ಅಪಾಯ.

ಶಿರಸಿಯಿಂದ

ಪಿಪಿಡಿ ಬೇಡ ಎನ್ನುವವರಿಗೆ ನಮ್ಮ ಮನೆಯ ಪದ್ಧತಿ. ಶುದ್ಧ ಮೆಹಂದಿ ಪುಡಿಯನ್ನು ರಾತ್ರಿಯೇ ಚಹಾ ಡಿಕಾಕ್ಷನ್‌ನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿಡುತ್ತೇವೆ. ಎಣ್ಣೆ ಇಲ್ಲದ ಕೂದಲಿಗೆ ಬೆಳಿಗ್ಗೆ ಹಚ್ಚಿ, ಎರಡು ಗಂಟೆಯ ನಂತರ ಬರೀ ನೀರಿನಲ್ಲಿ ತೊಳೆಯುವುದು. ಆಮೇಲೆ ನೀಲಿ ಸೊಪ್ಪಿನ ಪುಡಿ, ಅಂಗಡಿಯಲ್ಲಿ ಇಂಡಿಗೊ ಎಂದೇ ಕೇಳಿ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು ಹದಿನೈದು ನಿಮಿಷದಲ್ಲೇ ಹಚ್ಚಬೇಕು. ರಾತ್ರಿ ಕಲಸಿಟ್ಟರೆ ಸತ್ತುಹೋಗುತ್ತದೆ. ತೊಳೆದ ಕೂಡಲೇ ಹಸಿರು ಮಿಶ್ರಿತವಾಗಿ ಕಂಡರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಕಪ್ಪು ಕಂದಿಗೆ ತಿರುಗುತ್ತದೆ. ಅಷ್ಟರವರೆಗೆ ಶಾಂಪೂ ಮುಟ್ಟಬೇಡಿ. ಆದರೆ ಇದನ್ನು ಹಚ್ಚಿದ ಕೂದಲಿಗೆ ಮುಂದೆ ಬ್ಲೀಚ್ ಹಾಕಿದರೆ ಹಸಿರು ಏಳಬಹುದು, ಅದನ್ನು ತಿಳಿದೇ ಆರಿಸಿಕೊಳ್ಳಿ.

ಬೆಂಗಳೂರಿನಿಂದ

ನರೆಗೆ ಮಾತ್ರ ಹಚ್ಚುವುದಾದರೆ ಕಿವಿಯ ಪಕ್ಕದಿಂದ ಪ್ರಾರಂಭಿಸಿ. ಅಲ್ಲಿನ ನರೆ ಬಣ್ಣ ಹಿಡಿಯಲು ಹಟಮಾರಿ. ತಲೆಯ ಶಾಖಕ್ಕೆ ಬುಡ ಬೇಗ ಬಣ್ಣ ಹಿಡಿಯುತ್ತದೆ, ಆದ್ದರಿಂದ ಉದ್ದಕ್ಕೆಲ್ಲ ಹಚ್ಚುವವರು ಬುಡವನ್ನು ಕೊನೆಗೆ ಇಟ್ಟುಕೊಳ್ಳಿ. ಹಣೆಯಂಚಿಗೆ, ಕಿವಿಗೆ ವ್ಯಾಸಲೀನ್. ಕಲಸಿ ಉಳಿದದ್ದನ್ನು ಮುಚ್ಚಳ ಬಿಗಿದು ಇಡಬೇಡಿ, ಒಳಗೆ ಅನಿಲ ತುಂಬಿ ಸೀಸೆ ಒಡೆಯುತ್ತದೆ. ನಮ್ಮಲ್ಲಿ ಬೋರ್‌ವೆಲ್ ನೀರು, ತುಂಬಾ ಗಡಸು. ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಹಾಕಿಕೊಳ್ಳಲು ಶುರುಮಾಡಿದ ಮೇಲೆ ಕೂದಲು ಮಂಕಾಗುವುದು ಕಡಿಮೆಯಾಗಿದೆ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಹೃದಯ ತುಂಬಿದ ಧನ್ಯವಾದ. ಪೊಟ್ಟಣ ಸಿಕ್ಕಿತು. ನೆಲ್ಲಿ, ಭೃಂಗರಾಜಗಳ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪಿಪಿಡಿ ಇದೆ. ಮೂರು ವರ್ಷ ಅದನ್ನು ಬರೀ ಮೆಹಂದಿ ಎಂದೇ ತಿಳಿದಿದ್ದೆ. ಬಾಚಣಿಗೆಯ ಕೂದಲನ್ನು ಬ್ಲೀಚ್‌ನಲ್ಲಿ ಇಟ್ಟು ನೋಡಿದೆ. ಬಿಸಿಯಾಗಲಿಲ್ಲ, ಆದರೆ ಅರ್ಧ ಗಂಟೆಯ ನಂತರ ಬುಡದ ಕಡೆ ಒಂದು ಬಣ್ಣ, ತುದಿಯ ಕಡೆ ಮಂಗಳೂರು ಹೆಂಚಿನ ಬಣ್ಣ, ಒಣಗಿದಾಗ ತೆಂಗಿನ ನಾರಿನಂತೆ ಒರಟು. ಅದನ್ನು ಮುಖದ ಪಕ್ಕ ಹಿಡಿದು ಕನ್ನಡಿ ನೋಡಿಕೊಂಡೆ, ಹೈಲೈಟ್ಸ್ ಬೇಡ ಎಂದು ನಿರ್ಧರಿಸಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಳೆಯ ಬಣ್ಣವೆಲ್ಲ ಕತ್ತರಿಸಿ ಹೋಗಲು ಎರಡು ಮೂರು ವರ್ಷ ಬೇಕು. ಆಗ ನೋಡೋಣ.

ನರೆಗೆ ಮಾತ್ರ ಗಾಢ ಕಂದು ತಂದಿದ್ದೇನೆ. ಅದರ ಎಳೆ ಪರೀಕ್ಷೆ ಚೆನ್ನಾಗಿ ಬಂತು. ಮೊಣಕೈ ಒಳಬದಿಗೆ ನಿನ್ನೆ ಸಂಜೆ ಚುಕ್ಕೆ ಹಚ್ಚಿದ್ದೇನೆ, ನಾಳೆ ಸಂಜೆ ಏಳಕ್ಕೆ 48 ಗಂಟೆ ತುಂಬುತ್ತದೆ. ಈವರೆಗೆ ಕೆಂಪೂ ಇಲ್ಲ, ತುರಿಕೆಯೂ ಇಲ್ಲ.