ರಾತ್ರಿ 11:38ಕ್ಕೆ ಅರ್ಜಿ, 11:40ಕ್ಕೆ ರಿಜೆಕ್ಟ್. ನನ್ನ ರೆಸ್ಯೂಮ್ ಓದಿದ್ದು ಯಾರು?

ತಿಪಟೂರು ತೆಂಗು:
ನಾನು ಬಿ.ಕಾಂ. ಬೆಂಗಳೂರಿನ ಒಂದು ಸಣ್ಣ ಪ್ಯಾಕೇಜಿಂಗ್ ಫ್ಯಾಕ್ಟರಿಯಲ್ಲಿ 2019ರಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಪಾರ್ಟಿಗಳಿಂದ ಬಾಕಿ ವಸೂಲಿ, ಎಲ್ಲ ನನ್ನ ತಲೆ ಮೇಲೆ. ದೊಡ್ಡ ಕಂಪನಿಗೆ ಹೋಗೋಣ ಅಂತ ಎರಡು ತಿಂಗಳಿಂದ ಅರ್ಜಿ ಹಾಕುತ್ತಿದ್ದೇನೆ. ಎಕ್ಸೆಲ್‌ನಲ್ಲಿ ಲೆಕ್ಕವೂ ಇಟ್ಟಿದ್ದೇನೆ, ಅಭ್ಯಾಸಬಲ. 41 ಅರ್ಜಿ, ಒಂದು ಫೋನ್. ಆ ಫೋನೂ ಇನ್ಶೂರೆನ್ಸ್ ಪಾಲಿಸಿ ಮಾರುವ ಕೆಲಸಕ್ಕೆ!

ಮೊನ್ನೆ ಹಾಕಿದ್ದಕ್ಕೆ ಎರಡೇ ನಿಮಿಷದಲ್ಲಿ ರಿಜೆಕ್ಟ್ ಮೇಲ್ ಬಂತು. ಆ ಸರಿರಾತ್ರಿಯಲ್ಲಿ ಯಾವ ಎಚ್‌ಆರ್ ಎದ್ದಿರುತ್ತಾರೆ? ಎಟಿಎಸ್ ಅಂತ ಸಾಫ್ಟ್‌ವೇರ್ ಇದೆ, ಮೊದಲು ಅದೇ ಓದುತ್ತದೆ ಅಂತ ತಮ್ಮ ಹೇಳಿದ. ನನ್ನದು ಆನ್‌ಲೈನ್ ಟೆಂಪ್ಲೇಟ್‌ನಲ್ಲಿ ಮಾಡಿದ ರೆಸ್ಯೂಮ್. ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಫೋಟೊ, ಫೋನ್ ನಂಬರ್, ಟ್ಯಾಲಿಗೆ ಐದರಲ್ಲಿ ನಾಲ್ಕು ಸ್ಟಾರ್. ಒಂದು ಭಾನುವಾರ ಪೂರ್ತಿ ಕೂತು ಮಾಡಿದ್ದು. ಅದನ್ನೇ ಬಿಸಾಡಬೇಕಾ?

ಮಾಜಿ ರಿಕ್ರೂಟರ್:
ಮೇಡಂ, ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ.

ಎರಡು ನಿಮಿಷದ ಮೇಲ್‌ಗೂ ನೀಲಿ ಪಟ್ಟಿಗೂ ಬಹುಶಃ ಸಂಬಂಧ ಇಲ್ಲ. ಅರ್ಜಿಯ ಕೊನೆಗೆ ಕೆಲವು ಪ್ರಶ್ನೆ ಇರುತ್ತವಲ್ಲ, ನೋಟಿಸ್ ಪಿರಿಯಡ್ ಎಷ್ಟು, ಅನುಭವ ಎಷ್ಟು ವರ್ಷ, ಸ್ಯಾಪ್ ಅನ್ನುವ ಸಾಫ್ಟ್‌ವೇರ್ ಬರುತ್ತಾ ಅಂತ. ಇಂಥ ಉತ್ತರ ಬಂದರೆ ಹೊರಗೆ ಅಂತ ನಾವೇ ಸೆಟ್ ಮಾಡಿ ಮನೆಗೆ ಹೋಗುತ್ತಿದ್ದೆವು. 30 ದಿನದೊಳಗೆ ಸೇರಬೇಕು ಅಂದಲ್ಲಿ ನೀವು 90 ಅಂತ ಹಾಕಿದರೆ ಮೇಲ್ ತಾನಾಗೇ ಹೋಗುತ್ತದೆ. ರೆಸ್ಯೂಮ್ ತೆರೆಯುವ ಮಾತೇ ಇಲ್ಲ. ಆ ಉತ್ತರಗಳನ್ನು ಇನ್ನೊಮ್ಮೆ ನೋಡಿ.

ಉಳಿದ ಅರ್ಜಿಗಳಲ್ಲಿ ಎಷ್ಟೋ ಕಡೆ ನಿಮ್ಮನ್ನು ಯಾರೂ ತಿರಸ್ಕರಿಸಿಯೇ ಇಲ್ಲ, ನೀವು ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ಐನೂರು ಅರ್ಜಿ ಬಂದಾಗ ನಾನು ಮಾಡುತ್ತಿದ್ದದ್ದು ಹುಡುಕಾಟ. 'ಅಕೌಂಟ್ಸ್ ರಿಸೀವಬಲ್' (ಬರಬೇಕಾದ ಬಾಕಿ), 'ಬ್ಯಾಂಕ್ ರೀಕನ್ಸಿಲಿಯೇಷನ್' (ಬ್ಯಾಂಕ್ ಲೆಕ್ಕದ ತಾಳೆ), 'ಜಿಎಸ್‌ಟಿಆರ್-3ಬಿ' (ಒಂದು ಜಿಎಸ್‌ಟಿ ರಿಟರ್ನ್) ಅಂತ ಟೈಪ್ ಮಾಡುವುದು, ಸಿಕ್ಕಿದವರನ್ನು ನೋಡುವುದು. ನೀವು 'ಪಾರ್ಟಿ ಪೇಮೆಂಟ್ ಫಾಲೋಅಪ್' ಅಂತ ಬರೆದಿದ್ದರೆ ಅದು ರಿಸೀವಬಲ್ ಅಂತ ನನಗೆ ಗೊತ್ತು, ಸರ್ಚ್ ಬಾಕ್ಸ್‌ಗೆ ಗೊತ್ತಿಲ್ಲ. ಜಾಹೀರಾತಿನಲ್ಲಿರುವ ಪದವನ್ನೇ ಬಳಸಿ, ನೀವು ನಿಜವಾಗಿ ಮಾಡಿರುವ ಕೆಲಸಕ್ಕೆ ಮಾತ್ರ. ಇನ್ನು ಆ ನಾಲ್ಕು ಸ್ಟಾರ್ ಯಂತ್ರಕ್ಕೆ ಬರೀ ಚಿತ್ರ. ನನಗಂತೂ ಐದನೇದು ಯಾಕಿಲ್ಲ ಅಂತಲೇ ಯೋಚನೆ ಬರುತ್ತಿತ್ತು.

ಬಿಸಾಡುವ ಮುಂಚೆ ಒಂದು ಕೆಲಸ ಮಾಡಿ. ಪಿಡಿಎಫ್ ತೆರೆದು ಎಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಹೆಚ್ಚುಕಡಿಮೆ ಯಂತ್ರ ಓದುವುದು ಅದನ್ನೇ.

ಬೈಟೂ ಕಾಫಿ:
ಇಷ್ಟೆಲ್ಲ ಯಾಕೆ ಗುರು? ಜಾಹೀರಾತು ಪೂರ್ತಿ ಕಾಪಿ ಮಾಡಿ ರೆಸ್ಯೂಮ್ ಕೊನೆಗೆ ಬಿಳಿ ಅಕ್ಷರದಲ್ಲಿ ಅಂಟಿಸಿ. ಮನುಷ್ಯರಿಗೆ ಕಾಣಲ್ಲ, ಯಂತ್ರಕ್ಕೆ ಕಾಣುತ್ತೆ.

ಮಾಜಿ ರಿಕ್ರೂಟರ್:
ದಯವಿಟ್ಟು ಬೇಡ. ಸಿಸ್ಟಮ್ ಬಣ್ಣ ಕಿತ್ತು ಬರೀ ಅಕ್ಷರ ತೋರಿಸಿದಾಗ ನಿಮ್ಮ ಬಿಳಿಯದ್ದೆಲ್ಲ ಕಪ್ಪಗೆ ಎದ್ದು ಕಾಣುತ್ತದೆ. ನಮ್ಮದೇ ಜಾಹೀರಾತು ನಮಗೇ ವಾಪಸ್! ಅಂಥವರಿಗೆ ನಾನು ಫೋನ್ ಮಾಡುತ್ತಿರಲಿಲ್ಲ.

ಧಾರವಾಡದ ಮಳಿ:
ನೋಟ್‌ಪ್ಯಾಡ್ ಮಾತು ಖರೆ. ನಾನು ಕನ್ನಡ ಅನುವಾದದ ಕೆಲಸಕ್ಕೆ ಕನ್ನಡದಲ್ಲೇ ರೆಸ್ಯೂಮ್ ಮಾಡಿದ್ದೆ. ಯೂನಿಕೋಡ್ ಬಿಟ್ಟು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನನ್ನದೇ ತಪ್ಪು. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಪೇಸ್ಟ್ ಮಾಡಿ ನೋಡಿದರೆ 'ಕನ್ನಡ' ಅನ್ನುವ ಪದದ ಜಾಗದಲ್ಲಿ ಇಂಗ್ಲಿಷ್ 'ಪಿ', ಸ್ವಲ್ಪ ಆಚೆ ಪೌಂಡ್ ಗುರುತು. ಅನುವಾದಕನ ರೆಸ್ಯೂಮಿನಲ್ಲಿ ಒಂದಕ್ಷರ ಕನ್ನಡ ಇಲ್ಲ! ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಸರಿಯಾಯಿತು.

ತಿಪಟೂರು ತೆಂಗು:
ಮಾಡಿ ನೋಡಿದೆ. ಫೋನ್ ನಂಬರೇ ಇಲ್ಲ. ನೀಲಿ ಪಟ್ಟಿಯ ಆ ಭಾಗ ಚಿತ್ರವಾಗಿ ಸೇವ್ ಆಗಿದೆ. ಎರಡು ಕಾಲಂ ಕಲಸಿಹೋಗಿ "ಅಕೌಂಟ್ಸ್ ಎಕ್ಸಿಕ್ಯೂಟಿವ್ ಹವ್ಯಾಸ 2019ರಿಂದ ರಂಗೋಲಿ" ಅಂತ ಒಂದೇ ಸಾಲು. 2019ರಿಂದ ರಂಗೋಲಿ ಹಾಕುತ್ತಾ ಕೂತವಳ ಥರ ಇದೆ. ತಮ್ಮ ಬಿದ್ದು ಬಿದ್ದು ನಗುತ್ತಿದ್ದಾನೆ.

ಆ ರಾತ್ರಿ ಹಾಕಿದ ಅರ್ಜಿಯನ್ನೂ ತೆರೆದೆ. ಅಪ್‌ಲೋಡ್ ಆದಾಗ ಫಾರಂ ತಾನೇ ತುಂಬಿಕೊಂಡಿತ್ತು, ನಾನು ನಿದ್ದೆಗಣ್ಣಿನಲ್ಲಿ ಮುಂದೆ ಒತ್ತಿಬಿಟ್ಟಿದ್ದೆ. ಒಟ್ಟು ಅನುಭವ: 0 ವರ್ಷ.

ಈಗ ವರ್ಡ್‌ನಲ್ಲಿ ಒಂದೇ ಕಾಲಂ ಮಾಡುತ್ತಿದ್ದೇನೆ. ನಂಬರನ್ನು ಪುಟದ ಮೇಲಂಚಿನ ಹೆಡರ್‌ನಲ್ಲಿ ಹಾಕಲಾ? ಕೊನೆಗೆ ತಂದೆಯ ಹೆಸರು, 'ಮೇಲಿನದೆಲ್ಲ ಸತ್ಯ' ಅನ್ನುವ ಘೋಷಣೆ, ಸಹಿ ಇರಲಾ?

ಮಾಜಿ ರಿಕ್ರೂಟರ್:
ಹೆಡರ್ ಬೇಡ, ಕೆಲವು ಸಾಫ್ಟ್‌ವೇರ್ ಅದನ್ನು ಓದುವುದಿಲ್ಲ. ಹೆಸರಿನ ಕೆಳಗೇ ಹಾಕಿ. ಘೋಷಣೆ ತೆಗೆಯಿರಿ, ಆ ಜಾಗಕ್ಕೆ ಜಿಎಸ್‌ಟಿಆರ್-3ಬಿ ಬರಲಿ. ರಂಗೋಲಿ ಇರಲಿ ಬಿಡಿ, ಬೇರೆ ಸಾಲಿನಲ್ಲಿ.