ಸಹಾಯ ಬೇಕು: ರಕ್ಷಣಾ ಆದೇಶದ ಅರ್ಜಿ, ಬರೀ ವಾಯ್ದೆ ಮೇಲೆ ವಾಯ್ದೆ

ಎಲ್ಲರಿಗೂ ನಮಸ್ಕಾರ. ಅಕ್ಕನ ಪರವಾಗಿ ಕೇಳುತ್ತಿದ್ದೇನೆ. ಗಂಡನ ಹೊಡೆತ ತಾಳಲಾರದೆ ಅವಳು ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದ್ದಾಳೆ. ಈಗ ಮಗುವಿನ ಜೊತೆ ನಮ್ಮ ಮನೆಯಲ್ಲಿದ್ದಾಳೆ.

2005ರ ಆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು. ಅಲ್ಲಿಂದ 60 ದಿನದೊಳಗೆ ಅರ್ಜಿ ಮುಗಿಸಲು ಕೋರ್ಟ್ ನೋಡಬೇಕು. ಕಟ್ಟುನಿಟ್ಟಿನ ಗಡುವಲ್ಲ, ಅದು ಗೊತ್ತು. ಆದರೆ ನಮ್ಮದು ನೋಟಿಸ್ ಹಂತದಲ್ಲೇ ನಿಂತಿದೆ. ಭಾವ ಮನೆಯಲ್ಲೇ ಇರುತ್ತಾರೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ನೋಟಿಸ್ ಜಾರಿಯಾಗಿಲ್ಲ ಎಂದು ಪ್ರತಿ ಸಲ ಮುಂದಿನ ತಾರೀಖು ಕೊಡುತ್ತಾರೆ. ಈ ನಡುವೆ ರಾತ್ರಿ ಹೊತ್ತು ನಮ್ಮ ಗೇಟಿನ ಮುಂದೆ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯುವುದು ಮಾತ್ರ ತಪ್ಪಿಲ್ಲ!

23ನೇ ಸೆಕ್ಷನ್ ಅಡಿ ಅಫಿಡವಿಟ್ ಕೊಟ್ಟರೆ ಎದುರಿನವರು ಬಾರದಿದ್ದರೂ ಮಧ್ಯಂತರ ಆದೇಶ ಕೊಡಬಹುದು, ಅಲ್ವಾ? ವಕೀಲರನ್ನು ಕೇಳಿದರೆ 'ನೋಡೋಣ' ಅನ್ನುತ್ತಾರೆ. ಸುಮ್ನೆ ಕಾಯುವ ಸ್ಥಿತಿಯಲ್ಲಿ ನಾವಿಲ್ಲ.

ಇಂಥ ಆದೇಶ ಪಡೆದವರು ಯಾರಾದರೂ ಇದ್ದೀರಾ? ಹಾರ್ನ್ ಹೊಡೆಯುವ ವಿಡಿಯೊ, ಠಾಣೆಯಲ್ಲಿ ಕೊಟ್ಟ ದೂರಿನ ರಸೀದಿ ಅಫಿಡವಿಟ್ ಜೊತೆ ಸಾಕೇ? ತಾರೀಖು ಬೇಗ ತರಿಸಲು ಅರ್ಜಿ ಹಾಕಬಹುದೇ? ನೋಟಿಸ್ ಜಾರಿ ಬಗ್ಗೆ ಸಂರಕ್ಷಣಾಧಿಕಾರಿಯನ್ನು (ಈ ಕಾಯ್ದೆಯಡಿ ನೋಟಿಸ್ ತಲುಪಿಸುವ ಹೊಣೆ ಹೊತ್ತ ಅಧಿಕಾರಿ) ನಾವೇ ಹೋಗಿ ಕಾಣಬಹುದೇ? ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರಂತೆ. ಕೇಸಿನ ಮಧ್ಯೆ ವಕೀಲರನ್ನು ಬದಲಿಸಿದರೆ ಇನ್ನೂ ತಡವಾಗುತ್ತದೆಯೇ?

ರಾಜಿ ಮಾಡಿಕೊಳ್ಳಿ ಎಂಬ ಸಲಹೆ ದಯವಿಟ್ಟು ಬೇಡ. ಅದು ಜಾಸ್ತಿನೇ ಆಗಿದೆ.