ಜೋಗ ಬಿಡು, ಮೂರು ರಾಜಧಾನಿ ನೋಡು

ಪುಟ್ಟಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಇಲ್ಲಿ ಅಡಿಕೆ ಕೊಯ್ಲು ಶುರುವಾಗಿದೆ, ಅಂಗಳದ ತುಂಬಾ ಗೊನೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡ. ದೊಡ್ಡಮ್ಮ, ನೀವೂ ಕೇಳಿಸಿಕೊಳ್ಳಿ, ಎಲ್ಲಾದರೂ ತಪ್ಪಿದರೆ ಹೇಳಿ.

ಆಫೀಸಿನ ನಾಲ್ಕು ಜನರ ಜೊತೆ ಭಾನುವಾರ ಬೆಳಿಗ್ಗೆ ರೈಲಿಗೆ ಸಾಗರಕ್ಕೆ ಬಂದು ರಾತ್ರಿ ರೈಲಿಗೆ ವಾಪಸ್, ಅಷ್ಟರಲ್ಲಿ ಜೋಗ, ಸಿಗಂದೂರು, ಇಕ್ಕೇರಿ, ಕೆಳದಿ ಎಲ್ಲಾ ಆಗುತ್ತದಾ ಅಂತ ಕೇಳಿದ್ದೀಯಲ್ಲ? ಆಗುತ್ತದೆ. ಕಾರಿನ ಕಿಟಕಿಯಿಂದ. ಹೋದ ವರ್ಷ ನಿನ್ನ ಭಾವ ನಮ್ಮನ್ನೆಲ್ಲ ಹೀಗೇ ಐದು ಕಡೆ ಸುತ್ತಿಸಿದರು. ಎಲ್ಲಿ ಇಳಿದೆವು, ಎಲ್ಲಿ ಹತ್ತಿದೆವು ಒಂದೂ ನೆನಪಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ರಸ್ತೆ ಬದಿಯ ಯಾವುದೋ ಹೋಟೆಲಲ್ಲಿ ತಣ್ಣಗಿನ ಪೂರಿ ತಿಂದೆವು. ರಾತ್ರಿ ಮನೆಮಂದಿಗೆಲ್ಲ ಜೀರಿಗೆ ಕಷಾಯ.

ಜೋಗ ಈ ಸಲ ಬಿಡು. ಮಳೆ ನಿಂತ ಮೇಲೆ ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲೇ ಉಳಿಯುತ್ತದೆ, ನೀವು ಬಂಡೆ ನೋಡಿ ಬರುತ್ತೀರಿ ಅಷ್ಟೆ. ಅದರ ಬದಲು ಕೆಳದಿ ಅರಸರ ಮೂರು ರಾಜಧಾನಿ ನೋಡಿ. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಅವರು ಗಂಟುಮೂಟೆ ಕಟ್ಟಿಕೊಂಡು ಹೋದ ಕ್ರಮದಲ್ಲೇ ನೀವೂ ಹೋಗಿ. ದಾರಿಯೂ ಸರಿಯಾಗಿ ಹಾಗೇ ಬರುತ್ತದೆ, ಹಿಂದೆ ಮುಂದೆ ಓಡಾಡುವ ತಾಪತ್ರಯವಿಲ್ಲ.

ತಿಂಡಿ ಸಾಗರ ಪೇಟೆಯಲ್ಲೇ ಮುಗಿಸಿ. ಇಡ್ಲಿ ಬೆಂಗಳೂರಲ್ಲೂ ಸಿಗುತ್ತದೆ, ಬಿಸಿ ಬನ್ಸ್ ಇದ್ದರೆ ಅದನ್ನೇ ತಿನ್ನಿ. ಕೆಳದಿ ಅಲ್ಲಿಂದ ಏಳೆಂಟು ಕಿಲೋಮೀಟರ್. ಚೌಡಪ್ಪ ನಾಯಕ 1500ರ ಹೊತ್ತಿಗೆ ಆಳ್ವಿಕೆ ಶುರುಮಾಡಿದ ಊರು. ದೇವಸ್ಥಾನದಲ್ಲಿ ಕತ್ತೆತ್ತಿ ಮೇಲ್ಛಾವಣಿ ನೋಡಿ, ಗಂಡಭೇರುಂಡ ಇದೆ. ಬಸ್ಸಿನ ಮೇಲೆ ದಿನಾ ನೋಡುತ್ತೀರಲ್ಲ, ಅದೇ ಹಕ್ಕಿ. ಅಲ್ಲಿ ಮ್ಯೂಸಿಯಂ ಇದೆ, ತಾಳೆಗರಿ ನೋಡಬಹುದು. ಒಂದು ಗಂಟೆ ಸಾಕು.

ಇಕ್ಕೇರಿಗೆ ಮಾತ್ರ ಅವಸರ ಮಾಡಬೇಡ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುವ ಮೊದಲೇ ಹೋಗು. ಅಘೋರೇಶ್ವರನ ಪೀಠವೇ ಗುಡಿಯ ಒಳಗನ್ನೆಲ್ಲ ತುಂಬಿಕೊಂಡಂತಿದೆ, ಅದರ ಸುತ್ತ 32 ದೇವಿಯರು. ಆಮೇಲೆ ನೆಲ ನೋಡು. ದೇವರ ಎದುರಿನ ಕಲ್ಲುಹಾಸಿನಲ್ಲಿ ಮೂವರು ನಾಯಕರು ನಮಸ್ಕಾರ ಮಾಡುವ ಹಾಗೆ ಕೊರೆದಿದ್ದಾರೆ, ತಲೆಯ ಹತ್ತಿರ ಹೆಸರೂ ಇದೆ. ಅದರಲ್ಲೊಬ್ಬ ಹುಚ್ಚ ಸೋಮಶೇಖರ. ಅವನ ಕೈಕಾಲಿಗೆ ಕೋಳ! ಅರಸನನ್ನು ದೇವರ ಮುಂದೆಯೂ ಬೇಡಿ ಹಾಕಿಯೇ ಮಲಗಿಸಿದ್ದಾರೆ, ಪಾಪ. ಕಾಲಿಟ್ಟು ಕಾಲಿಟ್ಟು ಸವೆದಿದೆ, ಓರೆಯಾಗಿ ಬೆಳಕು ಬಿದ್ದರೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು, ಇದು ನಮ್ಮ ತೋಟದವರ ವಿಷಯ. ಆ ಮಂಟಪದ ನಡುಗಂಬಗಳಿವೆಯಲ್ಲ, ಅವುಗಳ ನಡುವಿನ ದೂರವೇ ತೋಟ ಅಳೆಯುವ ಕೋಲಾಗಿತ್ತು. 18 ಅಡಿ 6 ಇಂಚು. ಅಷ್ಟು ಉದ್ದ, ಅಷ್ಟು ಅಗಲದ ಜಾಗಕ್ಕೆ ಒಂದು ದಾಯ ಅಂತ ಲೆಕ್ಕ. ಅದರ ಮೇಲೆ ಶಿವಪ್ಪ ನಾಯಕ ಕಂದಾಯ ನಿಗದಿ ಮಾಡಿದ. ಶಿವಪ್ಪನಾಯಕನ ಶಿಸ್ತು ಅಂದರೆ ಅದೇ, ನೀನು ಅಂದುಕೊಂಡ ಹಾಗೆ ಬೆಳಿಗ್ಗೆ ಬೇಗ ಏಳುವ ಶಿಸ್ತಲ್ಲ. ನಿಮ್ಮ ಚಿಕ್ಕಪ್ಪ ಹೋದಾಗಲೆಲ್ಲ ಅಲ್ಲಿ ಹೆಜ್ಜೆ ಹಾಕಿ ಅಳೆಯುತ್ತಾರೆ. ಕಂಬ ಜರುಗಿದೆಯಾ ಅಂತ ನೋಡುತ್ತಾರೇನೋ!

1623ರಲ್ಲಿ ಇಟಲಿಯ ಪಿಯತ್ರೋ ದೆಲ್ಲಾ ವಾಲೆ ಅನ್ನುವವನು ಇಲ್ಲಿಗೆ ಬಂದಿದ್ದ. ಬೀದಿಯಲ್ಲಿ ಹುಡುಗಿಯರು ಕೋಲು ಹಿಡಿದು ಕುಣಿಯುವುದನ್ನೂ ಬರೆದಿದ್ದಾನೆ. ಈಗ ಅರಮನೆಯೂ ಇಲ್ಲ, ಬೀದಿಯೂ ಇಲ್ಲ. ಗುಡಿ, ಎದುರಿಗೆ ದೊಡ್ಡ ನಂದಿ, ಸುತ್ತ ಹುಲ್ಲು.

ಊಟ ನಮ್ಮ ಮನೆಯಲ್ಲಿ, ಅದರಲ್ಲಿ ಮಾತಿಲ್ಲ. ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ, ಹಲಸಿನ ಹಪ್ಪಳ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ನಿಮಗಾಗಿಯೇ ತೆಗೆಯುತ್ತೇನೆ. ತೊಡೆದೇವು ಪೇಟೆಯಿಂದ ತರಿಸಿಡುತ್ತೇನೆ, ಆಲೆಮನೆ ಕಾಲದ ತಾಜಾ ರುಚಿ ಈಗ ಇರುವುದಿಲ್ಲ. ನಿನ್ನ ಸ್ನೇಹಿತರಿಗೆ ಮೊದಲೇ ಹೇಳು, ಅದು ಹಾಳೆಯಲ್ಲ, ತಿನ್ನುವ ತೆಳ್ಳನೆಯ ಸಿಹಿ. ಬೋರಲು ಹಾಕಿದ ಮಡಕೆಯ ಮೇಲೆ ಬಟ್ಟೆಯಲ್ಲಿ ಹಿಟ್ಟು ತೊಡೆಯುವುದಕ್ಕೇ ಆ ಹೆಸರು. ಬಿಸಿ ಹಾಲು, ತುಪ್ಪ ಹಾಕಿಕೊಂಡು ತಿನ್ನಬೇಕು. ಒಣದನ್ನೇ ಕಡಿದು, ಇದೇನು ಪೇಪರ್ ಅಂದರೆ ನನಗೆ ಸಿಟ್ಟು ಬರುತ್ತದೆ.

ಊಟ ಆದ ಕೂಡಲೇ ಹೊರಡಿ, ಮಲಗಬೇಡಿ. ಹೊಸನಗರದ ಮೇಲೆ ನಗರಕ್ಕೆ, ಅಂದರೆ ಬಿದನೂರಿಗೆ, ಗಂಟೆಯ ಮೇಲೇ ಬೇಕು. ಕಾಡು ದಟ್ಟವಾಗುತ್ತಾ ಹೋಗುತ್ತದೆ, ಗಮನಿಸು. ಬಿಜಾಪುರದ ಸೇನೆ ಇಕ್ಕೇರಿಯನ್ನು ಕೊಳ್ಳೆ ಹೊಡೆದ ಮೇಲೆ ಈ ಕಡೆ ಬಂದರು ಅಂದರೆ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಿದಿರಿನ ಊರು ಬಿದನೂರಾಯಿತು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂದ. ಈಗ ಹೈದರ್ ಬಿದ್ದುಹೋಗಿ ಬರೀ ನಗರ. ಚೆನ್ನಮ್ಮನನ್ನು ಕೆಳದಿಯ ಚೆನ್ನಮ್ಮ ಅನ್ನುತ್ತೇವೆ, ಆದರೆ ಅವಳ ಕಾಲಕ್ಕೆ ರಾಜಧಾನಿ ಇದೇ ಬಿದನೂರು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು. ಕೋಟೆ ಹತ್ತಿ, ಹೊತ್ತಿದ್ದರೆ ದೇವಗಂಗೆ ಕೊಳದ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ಬನ್ನಿ. ಐದೂವರೆಗೆಲ್ಲ ಅಲ್ಲಿಂದ ಹೊರಟುಬಿಡಿ, ರೈಲು ತಪ್ಪಿಸಿಕೊಳ್ಳಬೇಡಿ.

ಮತ್ತೆ, ನಾಲ್ಕು ಜನರಲ್ಲಿ ಯಾರಿಗಾದರೂ ಮಜ್ಜಿಗೆ ಆಗದಿದ್ದರೆ ಶನಿವಾರದೊಳಗೆ ಹೇಳು, ಅವರಿಗೆ ಬೇರೆ ಸಾರು ಮಾಡುತ್ತೇನೆ. ಅಯ್ಯೋ, ಮೋಡ ಆಯಿತು ನೋಡು, ಒಣಗಲು ಹಾಕಿದ ಅಡಿಕೆ ಎತ್ತಬೇಕು. ಇಡುತ್ತೇನೆ.